ನಾಲ್ಕು ಸ್ಟಾರು, ಮೊಣಕಾಲುದ್ದ ನೀರು

ಕಳೆದ ಜುಲೈನಲ್ಲಿ ವಡಗಾವಿ ಕಡೆಯ ನಮ್ಮ ಓಣಿಗೆ ಒಬ್ಬ ಸಾಹೇಬರು ಬಂದಿದ್ದರು. ಕೈಯಲ್ಲಿ ಟ್ಯಾಬು, ಕಾಲಲ್ಲಿ ಫಳಫಳ ಹೊಳೆಯುವ ಹೊಸ ಬೂಟು. ಬೆಳಗಾವಿಯಲ್ಲಿ, ಅದೂ ಮಳೆಗಾಲ ಬಂದರೆ ಉಕ್ಕೋ ಬಳ್ಳಾರಿ ನಾಲಾದ ಆಸುಪಾಸಿಗೆ, ಜುಲೈ ತಿಂಗಳಲ್ಲಿ ಚರ್ಮದ ಬೂಟು ಹಾಕಿಕೊಂಡು ಬರ್ತಾರೆ ಅಂದ್ರೆ ಹವಾಮಾನ ಬದಲಾವಣೆ ಬಗ್ಗೆ ವಿಚಾರಿಸೋಕೇ ಬಂದಿರಬೇಕು ಅಂದುಕೊಂಡೆ. ಹೌದು, ಅದಕ್ಕೇ ಬಂದಿದ್ದರು.

ಊರು ಎಷ್ಟು ತಯಾರಿದೆ ಅಂತ ಅಳೆಯಬೇಕಂತೆ. ಅಳತೆಗೋಲು ಹೊಸದೇನಲ್ಲ. ಕೇಂದ್ರದ ನಗರ ವ್ಯವಹಾರಗಳ ಸಚಿವಾಲಯ 2019ರಲ್ಲೇ ಇಂಥದ್ದೊಂದು ಶುರು ಮಾಡಿತ್ತು. ನೀರು, ಕಸ, ಗಾಳಿ, ಗಿಡಮರ, ಕರೆಂಟು ಎಲ್ಲ ಸೇರಿಸಿ ಎರಡನೇ ಸುತ್ತಿನಲ್ಲಿ 28 ಅಂಶ. ಊರಿನವರೇ ದಾಖಲೆ ಕೊಡಬೇಕು, ಅದನ್ನು ನೋಡಿ ಸ್ಟಾರ್ ಹಾಕುತ್ತಾರೆ. 2021ರಲ್ಲಿ ಬಂದ ಆ ಸುತ್ತಿನ ಫಲಿತಾಂಶದಲ್ಲಿ 126 ಊರುಗಳಿದ್ದವು, ಸೂರತ್, ಇಂದೋರ್, ಪುಣೆ ಸೇರಿ 9 ಊರುಗಳಿಗೆ ನಾಲ್ಕು ಸ್ಟಾರು. ಅಳೆಯೋದು ತಪ್ಪಲ್ಲ ಬಿಡಿ. ಆದರೆ ನಮ್ಮಲ್ಲಿ ಫೈಲು ಒಣಗಿದ್ದರೆ ಊರೂ ಒಣಗಿದೆ ಅಂತಲೇ ಲೆಕ್ಕ.

ಸಾಹೇಬರು ಟ್ಯಾಬು ನೋಡುತ್ತಾ ಕೇಳಿದರು, ‘ಇಲ್ಲಿ ನೀರು ನಿಲ್ಲುವ ಜಾಗಗಳ ಪಟ್ಟಿ ಏನಾದ್ರೂ ಇದೆಯಾ?’

ಪಕ್ಕದ ಮನೆ ಕಾಕಾ ಕಟ್ಟೆ ಮೇಲಿಂದಲೇ ಅಂದರು, ‘ಪಟ್ಟಿ ಯಾಕ್ರೀ ಸಾಹೇಬ್ರ, ನೀವ್ ನಿಂತೀರಲ್ಲ, ಅದ ಜಾಗಾ.’

ಸಾಹೇಬರು ಕೆಳಗೆ ನೋಡಿದರು. ಬೂಟಿನ ಹೊಳಪು ಹೋಗಿತ್ತು.

ಮುಂದಿನ ಪ್ರಶ್ನೆ ಹಸಿರಿನದು. ರಸ್ತೆ ಅಗಲ ಮಾಡುವಾಗ ದೊಡ್ಡ ಮರ ಹೋಯಿತು, ಅದರ ಬದಲಿಗೆ ಸಿಮೆಂಟಿನ ಬಳೆಯೊಳಗೆ ಒಂದು ಸಸಿ ಬಂದಿದೆ. ಆಡು ತಿಂದು ಉಳಿಸಿದ ಮೂರು ಎಲೆಯ ಫೋಟೋ ತೆಗೆದುಕೊಂಡರು. ರಸ್ತೆಗೆ ಹಾಸಿದ ಪೇವರ್ಸ್ ಫೋಟೋನೂ ತೆಗೆದರು. ಆ ಪೇವರ್ಸ್ ಹಾಕಿ ರಸ್ತೆ ಎತ್ತರ ಮಾಡಿದ ಮೇಲೆ ನಮ್ಮ ಮನೆಗಳೆಲ್ಲ ತಗ್ಗಿಗೆ ಬಿದ್ದವು, ಮೊದಲು ರಸ್ತೆಯಲ್ಲಿ ನಿಲ್ಲುತ್ತಿದ್ದ ನೀರು ಈಗ ಸೀದಾ ಅಡುಗೆಮನೆಗೇ ಬರುತ್ತೆ. 2016ರಲ್ಲಿ ದೇಶದ ಮೊದಲ 20 ಸ್ಮಾರ್ಟ್ ಸಿಟಿಗಳ ಪಟ್ಟಿಯಲ್ಲಿ ಬಂದ ಊರು ನಮ್ಮದು. ಇಷ್ಟು ಸೌಲಭ್ಯ ಬೇಡವಾ?

ಆಮೇಲೆ ಕಾಕಾ ಅವರನ್ನು ಒಳಗೆ ಕರೆದು ಗೋಡೆ ತೋರಿಸಿದರು. 2019ರ ಆಗಸ್ಟಿನಲ್ಲಿ ನೀರು ಎಲ್ಲಿವರೆಗೆ ಬಂತು ಅಂತ ಇದ್ದಲಿನಲ್ಲಿ ಎಳೆದ ಗೆರೆ. ಅದರ ಪಕ್ಕ ಮೊಮ್ಮಗನ ಎತ್ತರದ ಗೆರೆಗಳು, ವರ್ಷಕ್ಕೊಂದು. ಮಳೆಗಾಲದ ಮುಂಚೆ ಹುಡುಗನನ್ನು ಗೋಡೆಗೆ ಒರಗಿಸಿ ಅಳೆಯುತ್ತಾರೆ. ಗದ್ದೆಯ ಬಾಸುಮತಿ ಮುಳುಗಿದರೆ ಕಾಕಾ ಏನೂ ಮಾಡಲಾರರು, ಹುಡುಗನನ್ನಾದರೂ ಅಳೆಯಬಹುದಲ್ವಾ.

‘ಈ ವರ್ಷ ನೀರಿನ ಗೆರಿ ಎರಡು ಬೆರಳು ದಾಟ್ಯಾನ್ರಿ’ ಅಂದರು.

ಸಾಹೇಬರಿಗೆ ಖುಷಿಯೋ ಖುಷಿ. ಇದು ‘ಜನರೇ ನಡೆಸುವ ಪ್ರವಾಹ ನಿಗಾ ವ್ಯವಸ್ಥೆ’, ಅಪ್‌ಲೋಡ್ ಮಾಡ್ತೀನಿ ಅಂತ ಮೊಬೈಲ್ ಎತ್ತಿದರು. ಎತ್ತಿದವರು ಮುಖ ಸಿಂಡರಿಸಿ ಕೆಳಗಿಳಿಸಿದರು.

‘ಕಾಕಾ, ಗೋಡೆಗೆ ಒಂದು ಕೈ ಸುಣ್ಣ ಹೊಡೆಸಿಬಿಡಿ. ನಾಳೆ ಬಂದು ತೆಗೀತೀನಿ, ಫೋಟೋ ನೀಟಾಗಿ ಬರುತ್ತೆ.’