ಮಲೆನಾಡಿನ ಹರ್ಡಲ್ಸ್ ಹುಡುಗಿಯರಿಗೆ ಅಭ್ಯಾಸಕ್ಕೊಂದು ಸೂರು ಬೇಕು

ಮೊನ್ನೆ ನಮ್ಮ ಕಡೆಯ ತಾಲ್ಲೂಕು ಮಟ್ಟದ ಶಾಲಾ ಕ್ರೀಡಾಕೂಟದಲ್ಲಿ ಹುಡುಗಿಯರ ಹರ್ಡಲ್ಸ್, ಅಂದರೆ ಸಾಲಾಗಿ ನಿಲ್ಲಿಸಿದ ತಡೆಗಳನ್ನು ಹಾರಿ ದಾಟುತ್ತ ಓಡುವ ಓಟ, ನೋಡಿ ಬಂದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ಬೆಳಗಿನಿಂದ ಜಡಿಮಳೆ ಹಿಡಿದಿತ್ತು. ಸುಣ್ಣದ ಗೆರೆಗಳೆಲ್ಲ ಕರಗಿಹೋಗಿದ್ದ ಮೈದಾನದಲ್ಲಿ, ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಪೈಪು ಬೆಸೆದು ಮಾಡಿಸಿದ ಹರ್ಡಲ್‌ಗಳನ್ನು ನಿಲ್ಲಿಸಿದ್ದರು. ಅವುಗಳಲ್ಲಿ ಕೆಲವನ್ನು ಹಿಂದುಮುಂದಾಗಿ ಇಟ್ಟಿದ್ದರು. ಹರ್ಡಲ್‌ನ ಪಾದ ಓಟಗಾರ್ತಿ ಬರುವ ದಿಕ್ಕಿಗೆ ಚಾಚಿಕೊಂಡಿರಬೇಕು. ಆಗ ಮಾತ್ರ ಕಾಲು ತಗುಲಿದರೆ ಅದು ಮುಂದಕ್ಕೆ ಮಗುಚಿಕೊಳ್ಳುತ್ತದೆ. ನಿಯಮದ ಪ್ರಕಾರ ಮೇಲಿನ ಪಟ್ಟಿಯ ನಡುವೆ ನಾಲ್ಕು ಕಿಲೋಗಿಂತ ಹೆಚ್ಚಿನ ಬಲ ಬೇಕಾಗದಂತೆ ಅದು ಉರುಳಬೇಕು. ಪಾದ ಆಚೆ ಕಡೆಗಿದ್ದರೆ ಪೆಟ್ಟೆಲ್ಲ ಹುಡುಗಿಯ ಮೊಣಕಾಲಿಗೆ. "ಸಾರ್, ಕಾಲು ಜಾರ್ತದೆ" ಎಂದ ಮಗುವಿಗೆ "ನಿಧಾನಕ್ಕೆ ಓಡು" ಎಂಬ ಉತ್ತರ ಸಿಕ್ಕಿತು. ಹರ್ಡಲ್ಸ್ ಅನ್ನು ನಿಧಾನಕ್ಕೆ ಓಡಲು ಬರುವುದಿಲ್ಲ. ನಾನೂ ಆ ಓಟ ಓಡಿದವಳು; ಹಾಗಾಗಿಯೇ ಆ ಮಾತು ನನಗೆ ಇಷ್ಟು ಚುಚ್ಚಿದೆ.

ಹೊರಗಿನ ನೂರು ಮೀಟರ್ ಓಟವಾಗಲಿ, ಒಳಾಂಗಣದ ಅರವತ್ತು ಮೀಟರ್ ಓಟವಾಗಲಿ, ಸೀನಿಯರ್ ವಿಭಾಗದ ಮಹಿಳೆಯರಿಗೆ ಮೊದಲ ಹರ್ಡಲ್ 13 ಮೀಟರ್ ದೂರದಲ್ಲಿ, ಅಲ್ಲಿಂದ ಮುಂದೆ 8.5 ಮೀಟರಿಗೊಂದು, ಎತ್ತರ 83.8 ಸೆಂಟಿಮೀಟರ್. ಎರಡು ಹರ್ಡಲ್‌ಗಳ ನಡುವೆ ಮೂರೇ ಹೆಜ್ಜೆ. ಕೆಸರಿನಲ್ಲಿ ಹೆಜ್ಜೆ ಕುಗ್ಗಿ ಮೂರು ನಾಲ್ಕಾಯಿತೆಂದರೆ ಜಿಗಿಯುವ ಕಾಲೇ ಬದಲಾಗುತ್ತದೆ, ವರ್ಷವಿಡೀ ಕಲಿತ ಲಯ ಅಲ್ಲಿಗೆ ಮುಗಿಯಿತು. 2025ರ ನಾನ್‌ಜಿಂಗ್ ವಿಶ್ವ ಒಳಾಂಗಣ ಚಾಂಪಿಯನ್‌ಷಿಪ್‌ನ ಫೈನಲ್‌ನಲ್ಲಿ ಬಹಾಮಾಸ್‌ನ ಡೆವಿನ್ ಚಾರ್ಲ್ಟನ್ ಅರವತ್ತು ಮೀಟರ್ ಹರ್ಡಲ್ಸ್ ಅನ್ನು 7.72 ಸೆಕೆಂಡಿನಲ್ಲಿ ಓಡಿ ಚಿನ್ನ ಗೆದ್ದರೆ, ಬೆಳ್ಳಿಗೆ 7.73, ಕಂಚಿಗೆ 7.74. ಅದಕ್ಕೂ ಹಿಂದಿನ ವರ್ಷ ಗ್ಲಾಸ್ಗೋದಲ್ಲಿ 7.65ರ ವಿಶ್ವದಾಖಲೆ ಬರೆದವರೂ ಇದೇ ಚಾರ್ಲ್ಟನ್. ಇಷ್ಟು ಸೂಕ್ಷ್ಮವಾದ ಓಟವನ್ನು ನಮ್ಮ ಮಕ್ಕಳು ಗದ್ದೆಯಂಥ ನೆಲದಲ್ಲಿ ಕಲಿಯಬೇಕೆಂದರೆ ಅದನ್ನು ಅನ್ಯಾಯ ಎನ್ನದೆ ಬೇರೇನೆನ್ನಲಿ?

ಮಲೆನಾಡಿನ ಮಕ್ಕಳಿಗೆ ಮಳೆ ಹೊಸದೇ, ಗುಡ್ಡ ಹತ್ತಿ ಇಳಿದು ಗಟ್ಟಿಯಾದ ಕಾಲುಗಳಿಗೆ ಸೂರು ಯಾಕೆ ಎಂದು ಹಿರಿಯರೊಬ್ಬರು ಅಲ್ಲೇ ಕೇಳಿದರು. ಕಾಲು ಗಟ್ಟಿಯಿದೆ, ನಿಜ. ಆದರೆ ಗಟ್ಟಿ ಕಾಲಿಗೆ ಹರ್ಡಲ್‌ನ ಲೆಕ್ಕ ತಾನಾಗಿ ಬರುವುದಿಲ್ಲ, ಅದು ಒಣ ನೆಲದ ಮೇಲೆ ಮತ್ತೆ ಮತ್ತೆ ಓಡಿಯೇ ಬರಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೀರ್ಥಹಳ್ಳಿ, ಹೊಸನಗರ, ಸಾಗರಗಳಲ್ಲಿ ಒಣ ನೆಲ ಎಲ್ಲಿದೆ? ಶಾಲಾ ಕ್ರೀಡಾಕೂಟಗಳು ಬರುವುದೂ ಇದೇ ತಿಂಗಳುಗಳಲ್ಲಿ.

ವಿಶಾಖಪಟ್ಟಣದ ಜ್ಯೋತಿ ಯರ್ರಾಜಿ 2024ರಲ್ಲಿ ಟೆಹರಾನ್‌ನ ಏಷ್ಯನ್ ಒಳಾಂಗಣ ಕೂಟದಲ್ಲಿ ಇದೇ ಅರವತ್ತು ಮೀಟರ್ ಹರ್ಡಲ್ಸ್ ಅನ್ನು 8.12 ಸೆಕೆಂಡಿನಲ್ಲಿ ಓಡಿ ಚಿನ್ನ ತಂದಾಗ ನಾನು ಕೂಗಿದ ಕೂಗಿಗೆ ಪಕ್ಕದ ಮನೆಯವರು ಓಡಿ ಬಂದಿದ್ದರು. ಅಂಥ ಹುಡುಗಿಯರು ನಮ್ಮಲ್ಲೂ ಇದ್ದಾರೆ. ಮೊನ್ನೆ ಒಬ್ಬಳು ಬಿದ್ದು, ಎದ್ದು, ಮೊಣಕಾಲಿನ ಕೆಸರಿನಲ್ಲಿ ರಕ್ತ ಬೆರೆತಿದ್ದರೂ ಕೊನೆಯ ಹರ್ಡಲ್ ದಾಟಿಯೇ ನಿಂತಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಕೈ ಎತ್ತಲು ಆಗಲಿಲ್ಲ, ಸಿಟ್ಟಿನಿಂದ ಕಣ್ಣು ತುಂಬಿತ್ತು.

ಭುವನೇಶ್ವರದಲ್ಲಿರುವಂಥ ಒಳಾಂಗಣ ಕ್ರೀಡಾಂಗಣವನ್ನು ನಾನು ಕೇಳುತ್ತಿಲ್ಲ. ಅರವತ್ತು ಮೀಟರ್ ಓಟಕ್ಕೆ, ಗುರಿ ದಾಟಿದ ಮೇಲೆ ವೇಗ ತಗ್ಗಿಸಲು ಬೇಕಾದ ಜಾಗವೂ ಸೇರಿ, ಸುಮಾರು ಎಂಬತ್ತು ಮೀಟರ್ ಉದ್ದದ ತಗಡಿನ ಮಾಡು, ಕೆಳಗೆ ನಾಲ್ಕು ಲೇನಿನ ಸಿಂಥೆಟಿಕ್ ಹಾಸು, ಮಗುಚಿಕೊಳ್ಳುವ ಸರಿಯಾದ ಹರ್ಡಲ್‌ಗಳು ಇದ್ದರೆ ಸಾಕು. ಊರೂರಿಗೆ ಸಮುದಾಯ ಭವನ ಕಟ್ಟಲು ಅನುದಾನ ಸಿಗುವಾಗ ಇದಕ್ಕೆ ಮಾತ್ರ ಹಣವಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಶಾಸಕರಿಗೂ ಜಿಲ್ಲಾ ಪಂಚಾಯಿತಿಗೂ ಕೊಡಲು ಮನವಿ ಬರೆದಿಟ್ಟಿದ್ದೇನೆ. ಶಿವಮೊಗ್ಗ ಜಿಲ್ಲೆಯ ದೈಹಿಕ ಶಿಕ್ಷಣ ಶಿಕ್ಷಕರು, ಓಡುವ ಮಕ್ಕಳ ತಂದೆತಾಯಿಯರು ಸಹಿ ಹಾಕುವುದಾದರೆ ದಯವಿಟ್ಟು ತಿಳಿಸಿ, ನಾನೇ ಕಾಗದ ಹಿಡಿದು ಬರುತ್ತೇನೆ.