ದೆವ್ವಕ್ಕೆ ಟಿ.ಸಿ. ಕೊಟ್ಟು ಕಳಿಸಿ

ಶಾಲೆಯ ಲೈಬ್ರರಿಯಿಂದ ಹೆದರಿಸುವ ಪುಸ್ತಕಗಳನ್ನೆಲ್ಲ ತೆಗೆದುಹಾಕಬೇಕು ಅನ್ನುವವರಿಗೆ ನನ್ನ ಸಂಪೂರ್ಣ ಬೆಂಬಲವಿದೆ. ಮಕ್ಕಳು ಕಥೆ ಓದಿ ಹೆದರುವುದೆಂದರೇನು? ಹೆದರಲಿಕ್ಕೆ ಅಂತಲೇ ಶಾಲೆಯಲ್ಲಿ ಪರೀಕ್ಷೆ ಇದೆ, ಮಾರ್ಕ್ಸ್ ಕಾರ್ಡ್ ಇದೆ, ಹೆಡ್‌ಮಾಸ್ಟರ ಕೋಣೆ ಇದೆ, 'ನಾಳೆ ಅಪ್ಪನ್ನ ಕರ್ಕೊಂಡು ಬಾ' ಅನ್ನುವ ಮಾತಿದೆ. ಇಷ್ಟೆಲ್ಲ ಏರ್ಪಾಡು ಇರುವಾಗ ಹೊರಗಿನ ದೆವ್ವಗಳು ಬಂದು ಪೈಪೋಟಿಗೆ ನಿಲ್ಲುವುದು ಸರಿಯಲ್ಲ.

ದೊಡ್ಡವರಿಗೆ ಭಯ ಕಂಡರೆ ಆಗುವುದಿಲ್ಲ ಅಂತ ಮಾತ್ರ ತಿಳಿಯಬೇಡಿ. ಭಯದ ಮೇಲೆ ಅವರಿಗೆ ಮೊದಲಿನಿಂದಲೂ ಅಪಾರ ನಂಬಿಕೆ. ಊಟ ಮಾಡದಿದ್ದರೆ ಗುಮ್ಮ ಬರುತ್ತಾನೆ, ಮಲಗದಿದ್ದರೆ ಗುಮ್ಮ ಬರುತ್ತಾನೆ, ಹಟ ಮಾಡಿದರಂತೂ ಬಂದೇಬಿಟ್ಟ. ಪಾಪ, ಒಂದು ದಿನ ರಜೆ ಇಲ್ಲ ಅವನಿಗೆ. ಈ ಗುಮ್ಮನ ಮೇಲೆ ಯಾವ ಅಪ್ಪ ಅಮ್ಮನೂ ದೂರು ಕೊಡುವುದಿಲ್ಲ. ಕರೆದಾಗ ಬರುತ್ತಾನೆ, ಸಾಕು ಅಂದಾಗ ಹೋಗುತ್ತಾನೆ. ತಕರಾರು ಶುರುವಾಗುವುದು ಮಗು ತಾನೇ ಎದ್ದು ಹೋಗಿ, ಕಪಾಟಿನಲ್ಲಿ ಹುಡುಕಿ, ತನಗೆ ಹಿಡಿಸಿದ ದೆವ್ವವನ್ನು ತಾನೇ ಆರಿಸಿ, ರಿಜಿಸ್ಟರಿನಲ್ಲಿ ಬರೆಸಿಕೊಂಡು ಮನೆಗೆ ತಂದಾಗ. ಸ್ವಂತ ಖುಷಿಗೆ ಹೆದರುವುದು! ಇದಕ್ಕಿಂತ ಅಶಿಸ್ತು ಬೇರೆ ಇದೆಯಾ?

ಶಿಸ್ತಿನ ಭಯ ಹೇಗಿರಬೇಕು ಅಂತ ತೋರಿಸಿಕೊಟ್ಟವರು ಜರ್ಮನಿಯ ಫ್ರಾಂಕ್‌ಫರ್ಟ್‌ನ ಡಾಕ್ಟರು, ಹೈನ್ರಿಕ್ ಹಾಫ್‌ಮನ್. 1844ರಲ್ಲಿ ಮೂರು ವರ್ಷದ ಮಗನಿಗೆ ಕ್ರಿಸ್‌ಮಸ್ ಉಡುಗೊರೆ ಕೊಡಲು ಪುಸ್ತಕ ಹುಡುಕಿದರು. ಯಾವುದೂ ಹಿಡಿಸಲಿಲ್ಲ. ತಾವೇ ಬರೆದು ಚಿತ್ರ ಹಾಕಿದರು, ಮುಂದಿನ ವರ್ಷ ಅದು ಅಚ್ಚಾಯಿತು. ಅದರಲ್ಲಿ ಹೆಬ್ಬೆರಳು ಚೀಪುವ ಹುಡುಗನೊಬ್ಬ ಇದ್ದಾನೆ. ಅಮ್ಮ ಬೇಡ ಅಂತ ಹೇಳಿ ಹೊರಗೆ ಹೋಗುತ್ತಾಳೆ. ಅವನು ಬೆರಳು ಬಾಯಿಗಿಡುವುದೇ ತಡ, ಬಾಗಿಲು ಧಡಾರನೆ ತೆರೆದುಕೊಂಡು ದೊಡ್ಡ ಕತ್ತರಿ ಹಿಡಿದ ದರ್ಜಿ ಒಳಗೆ ಹಾರುತ್ತಾನೆ. ಕಚಕ್, ಕಚಕ್. ಮುಂದಿನ ಚಿತ್ರದಲ್ಲಿ ಹುಡುಗ ನಿಂತಿದ್ದಾನೆ, ಎರಡೂ ಕೈಯಲ್ಲಿ ಹೆಬ್ಬೆರಳಿಲ್ಲ. ಬೆಂಕಿಕಡ್ಡಿ ಜೊತೆ ಆಡಿದ ಹುಡುಗಿ ಸುಟ್ಟು ಬೂದಿಯಾಗುತ್ತಾಳೆ. ಉಳಿಯುವುದು ಅವಳ ಶೂ ಮಾತ್ರ. ಪಕ್ಕದಲ್ಲಿ ಎರಡು ಬೆಕ್ಕು ಕೂತು ಅಳುತ್ತಿರುತ್ತವೆ. ಸೂಪ್ ಬೇಡ ಅಂದ ಹುಡುಗ ಐದನೇ ದಿನ ಸತ್ತೇಹೋಗುತ್ತಾನೆ. ತಲೆಮಾರುಗಟ್ಟಲೆ ಅಪ್ಪ ಅಮ್ಮಂದಿರು ಇದನ್ನು ಪುಟಾಣಿಗಳಿಗೆ ಪ್ರೀತಿಯಿಂದ ಓದಿ ಹೇಳಿದರು. ಯಾಕೆಂದರೆ ಇದರಲ್ಲಿ ನೀತಿ ಇದೆ. ಬೆರಳು ಹೋದರೆ ಹೋಗಲಿ, ನೀತಿ ಉಳಿದರೆ ಸಾಕು.

ನೀತಿ ಇಲ್ಲದ ಭಯ ಎಂಥ ಅಪಾಯ ಅನ್ನುವುದಕ್ಕೆ ಸ್ಕಾಟ್ಲೆಂಡಿನ ಗ್ಲಾಸ್ಗೊ ಸಾಕ್ಷಿ. 1954ರ ಸೆಪ್ಟೆಂಬರ್. ಗೋರ್ಬಲ್ಸ್ ಅನ್ನುವ ಕಡೆ ನೂರಾರು ಮಕ್ಕಳು ಕೋಲು, ಚಾಕು ಹಿಡಿದು ಸ್ಮಶಾನಕ್ಕೆ ನುಗ್ಗಿದರು. ಅಲ್ಲೊಂದು ಏಳಡಿ ಎತ್ತರದ ರಕ್ತಪಿಶಾಚಿ ಇದೆ, ಅದಕ್ಕೆ ಕಬ್ಬಿಣದ ಹಲ್ಲು, ಇಬ್ಬರು ಹುಡುಗರನ್ನು ಆಗಲೇ ತಿಂದಿದೆ ಅಂತ ಸುದ್ದಿ. ಯಾವ ಹುಡುಗನೂ ಕಾಣೆಯಾಗಿರಲಿಲ್ಲ. ದೊಡ್ಡವರು ತಕ್ಷಣ ಅಪರಾಧಿಯನ್ನು ಹಿಡಿದರು: ಅಮೆರಿಕದಿಂದ ಬರುವ ಹಾರರ್ ಕಾಮಿಕ್ಸ್. ಕಬ್ಬಿಣದ ಹಲ್ಲಿನ ಮೃಗ ಬೈಬಲ್ಲಿನ ದಾನಿಯೇಲನ ಗ್ರಂಥದಲ್ಲೇ ಇದೆ, ಏಳನೇ ಅಧ್ಯಾಯ. ಕಬ್ಬಿಣದ ಹಲ್ಲಿನ ಜೆನ್ನಿ ಅನ್ನುವವಳ ಮೇಲೆ ಒಂದು ಹಳೆಯ ಪದ್ಯವನ್ನು ಅಲ್ಲಿನ ಶಾಲೆಗಳಲ್ಲೇ ಹೇಳಿಕೊಡುತ್ತಿದ್ದರು. ಆದರೆ ಬೈಬಲ್ಲನ್ನೋ ಪಾಠದ ಪದ್ಯವನ್ನೋ ಕಟಕಟೆಗೆ ಹತ್ತಿಸೋಕಾಗುತ್ತಾ? ಕಾಮಿಕ್ಸ್ ವಿರುದ್ಧ ಮೊದಲೇ ಎದ್ದಿದ್ದ ಕೂಗಿಗೆ ಈ ಗಲಾಟೆಯೂ ಸೇರಿಕೊಂಡಿತು. 1955ರಲ್ಲಿ ಬ್ರಿಟನ್ನಿನಲ್ಲಿ ಕಾನೂನೇ ಬಂತು. ಹೆದರಿದ ಮಕ್ಕಳು ಪಿಶಾಚಿಯನ್ನು ಹಿಡಿಯಲು ಸ್ಮಶಾನಕ್ಕೆ ಹೋಗಿದ್ದರು. ಹೆದರಿದ ದೊಡ್ಡವರು ಸಂಸತ್ತಿಗೆ ಹೋದರು.

ಅದೇ 1954ರಲ್ಲಿ ಅಮೆರಿಕದ ಕಾಮಿಕ್ಸ್ ಪ್ರಕಾಶಕರು ತಮಗೆ ತಾವೇ ಒಂದು ಸಂಹಿತೆ ಹಾಕಿಕೊಂಡರು. ಹೆಸರಿನಲ್ಲಿ 'ಹಾರರ್', 'ಟೆರರ್' ಅನ್ನುವ ಪದ ಬರಕೂಡದು. ರಕ್ತಪಿಶಾಚಿ, ತೋಳಮನುಷ್ಯ, ಎದ್ದು ಓಡಾಡುವ ಹೆಣ, ಎಲ್ಲದಕ್ಕೂ ಬಾಗಿಲು ಬಂದ್. 1971ರಲ್ಲಿ ಸ್ವಲ್ಪ ಕರುಣೆ ಬಂತು. ಪಿಶಾಚಿ ಬರಲಿ, ಆದರೆ ಶಾಲೆಗಳಲ್ಲಿ ಓದುವಂಥ ಗೌರವಸ್ಥ ಲೇಖಕರ ಪರಂಪರೆಯಲ್ಲಿ ಬರಲಿ ಅಂದರು. ಡ್ರಾಕುಲಾನ ಹೆಸರನ್ನು ನಿಯಮದೊಳಗೇ ಬರೆದರು. ಅಂದರೆ ಒಳ್ಳೆ ಮನೆತನದ ಪಿಶಾಚಿ ಕತ್ತು ಕಚ್ಚಿದರೆ ಸಾಹಿತ್ಯ, ಗೊತ್ತುಗುರಿ ಇಲ್ಲದ್ದು ಕಚ್ಚಿದರೆ ಸಮಾಜ ಹಾಳು. ಎದ್ದು ಓಡಾಡುವ ಹೆಣ, ಅಂದರೆ ಜೊಂಬಿ, ಅಂಥ ಶಿಫಾರಸು ಪತ್ರ ಸಿಗದೆ ಹೊರಗೇ ಉಳಿಯಿತು. ಆಗ ಮಾರ್ವೆಲ್ ಅನ್ನುವ ಕಾಮಿಕ್ಸ್ ಕಂಪನಿಯವರು ಅದಕ್ಕೆ 'ಜುವೆಂಬಿ' ಅಂತ ಹೆಸರಿಟ್ಟು ಒಳಗೆ ಕರೆದುಕೊಂಡರು. ಹೆಣ ಅದೇ, ನಡಿಗೆ ಅದೇ, ನಿಯಮಕ್ಕೂ ಭಂಗವಿಲ್ಲ. ಇಂಥ ಬುದ್ಧಿ ಇರುವವರು ಆಡಳಿತದಲ್ಲಿರಬೇಕಿತ್ತು.

ಆದರೂ ಈ ಕ್ಷೇತ್ರದಲ್ಲಿ ನನ್ನ ಗುರುಗಳೆಂದರೆ ಬ್ರೂನೊ ಬೆಟಲ್‌ಹೈಮ್. ಮಕ್ಕಳ ಮನಸ್ಸಿನ ದೊಡ್ಡ ತಜ್ಞರು ಅಂತ ಹೆಸರಾಗಿದ್ದವರು. ಮಾರಿಸ್ ಸೆಂಡಾಕ್ 1963ರಲ್ಲಿ ಒಂದು ಚಿತ್ರಪುಸ್ತಕ ಮಾಡಿದ್ದರು. ತುಂಟಾಟಕ್ಕೆ ಶಿಕ್ಷೆಯಾಗಿ ರಾತ್ರಿ ಊಟವಿಲ್ಲದೆ ಕೋಣೆ ಸೇರಿದ ಹುಡುಗ ರಾಕ್ಷಸರ ನಾಡಿಗೆ ಹೋಗಿ, ಅವರನ್ನೇ ಹದ್ದುಬಸ್ತಿಗೆ ತಂದು, ಅವರ ರಾಜನಾಗಿ, ಕೊನೆಗೆ ಅದನ್ನೂ ಬಿಟ್ಟು ಮನೆಗೆ ವಾಪಸ್ ಬರುವ ಕಥೆ. 1969ರಲ್ಲಿ ಬೆಟಲ್‌ಹೈಮ್ ಪತ್ರಿಕೆಯೊಂದರಲ್ಲಿ ಇದನ್ನು ತರಾಟೆಗೆ ತೆಗೆದುಕೊಂಡರು. ಹೆತ್ತ ತಾಯಿಯೇ ಊಟ ಕೊಡದಿದ್ದರೆ ಮಗುವಿನ ಗತಿಯೇನು ಅಂತ ಅವರ ಆತಂಕ. ಪುಸ್ತಕ ಮಾತ್ರ ಓದಿರಲಿಲ್ಲ, ಅದನ್ನವರು ಒಪ್ಪಿಕೊಂಡೇ ಹೇಳಿದ್ದರು. ಹುಡುಗ ವಾಪಸ್ ಬರುವಾಗ ಕೋಣೆಯಲ್ಲಿ ಊಟ ಕಾಯುತ್ತಿರುತ್ತದೆ, ಅದೂ ಬಿಸಿಬಿಸಿಯಾಗಿ. ಕೊನೆಯ ಪುಟ ತಿರುವಿದ್ದರೆ ಸಾಕಿತ್ತು. ತಮಾಷೆ ಅಂದರೆ, 1976ರಲ್ಲಿ ಇದೇ ಮಹನೀಯರು ಮಾಟಗಾತಿ, ತೋಳ, ನರಭಕ್ಷಕರ ಹಳೆಯ ಕಥೆಗಳು ಮಕ್ಕಳ ಮನಸ್ಸಿಗೆ ಎಷ್ಟು ಒಳ್ಳೆಯದು ಅಂತ ದಪ್ಪ ಪುಸ್ತಕ ಬರೆದು ಪ್ರಶಸ್ತಿಯನ್ನೂ ಪಡೆದರು.

ಅಮೆರಿಕದ ಲೈಬ್ರರಿಗಳಲ್ಲಿ ಪುಸ್ತಕದ ಮೇಲೆ ದೂರು ಕೊಡಲು ಬಂದವರ ಕೈಗೆ ಒಂದು ಫಾರಂ ಕೊಡುವ ರೂಢಿ ಇದೆ. ಅದರಲ್ಲಿ ಸಾಮಾನ್ಯವಾಗಿ ಇರುವ ಒಂದು ಪ್ರಶ್ನೆ: ಇದನ್ನು ಪೂರ್ತಿ ನೋಡಿದ್ದೀರಾ? ಎಂಥ ಅಧಿಕಪ್ರಸಂಗ! ಪೂರ್ತಿ ಓದಿದವರು ಯಾಕೆ ದೂರು ಕೊಡಲು ಬರುತ್ತಾರೆ?

ಇದನ್ನೆಲ್ಲ ನೋಡಿ ನಾನೂ ಒಂದು ಸಮಿತಿಯನ್ನು ಮನಸ್ಸಿನಲ್ಲೇ ಕಟ್ಟಿಕೊಂಡಿದ್ದೇನೆ. ಅಧ್ಯಕ್ಷರು, ಪೋಷಕರ ಪ್ರತಿನಿಧಿಗಳು, ಮೂಲೆಯ ಕುರ್ಚಿಯಲ್ಲಿ ಲೈಬ್ರರಿ ಟೀಚರ್. ಮೊದಲ ಸಭೆಯಲ್ಲೇ ಎಷ್ಟು ಹೆದರಿಸಿದರೆ ಜಾಸ್ತಿ ಅಂತ ಚರ್ಚೆ. ನಗುವ ದೆವ್ವಗಳಿಗೆ ವಿನಾಯಿತಿ ಕೊಡಬೇಕು ಅಂದರು ಒಬ್ಬರು. ಹಲ್ಲು ಬಿಟ್ಟು ನಕ್ಕರೆ ಅದು ಇನ್ನೂ ಭಯ ಅಂದರು ಇನ್ನೊಬ್ಬರು. ಅಜ್ಜಿಯನ್ನು ನುಂಗುವ ತೋಳದ ಮಾತು ಬಂದಾಗ ಅಧ್ಯಕ್ಷರು 'ಅದು ಬಿಡಿ, ಅದು ನಾವು ಓದಿದ್ದು' ಅಂತ ಅಡ್ಡ ಬಂದರು.

ಅಷ್ಟು ಹೊತ್ತು ಸುಮ್ನೆ ಕೂತಿದ್ದ ಲೈಬ್ರರಿ ಟೀಚರ್ ಎದ್ದು ನಿಂತರು. 'ಸಾರ್, ಚಿಕ್ಕ ಮಕ್ಕಳು ಅಂಥದ್ದು ಹಿಡ್ಕೊಂಡು ಬಂದ್ರೆ ನಾನೇ "ಇದು ಮುಂದಿನ ವರ್ಷ ಓದು ಪುಟ್ಟ, ಈಗ ಇದು ತಗೋ" ಅಂತೀನಿ. ಯಾರು ತಡ್ಕೋತಾರೆ, ಯಾರು ರಾತ್ರಿ ಬೆಚ್ಚಿಬೀಳ್ತಾರೆ ಅಂತ ನನಗೆ ಗೊತ್ತಿರುತ್ತಲ್ಲ. ಕೆಲವರು ಹೆದರ್ಕೊಂಡು ಮರುದಿನವೇ ವಾಪಸ್ ಕೊಡ್ತಾರೆ. ಆಮೇಲೆ ಅವರೇ ಬಂದು ಮತ್ತೆ ಕೇಳ್ತಾರೆ.'

ಸಭೆ ಗರಬಡಿದಂತೆ ಕೂತಿತು. 'ಅಂದರೆ ಇಷ್ಟು ವರ್ಷ ಇದೆಲ್ಲ ಸುತ್ತೋಲೆ ಇಲ್ಲದೆ ನಡೆದಿದೆಯಾ?' ಅಂದರು ಅಧ್ಯಕ್ಷರು. ಟೀಚರಿಗೆ ನೋಟಿಸ್ ಕೊಡುವುದೆಂದು ತೀರ್ಮಾನವಾಯಿತು. ನೋಟಿಸಿಗೆ ಉತ್ತರವಾಗಿ ಅವರು ಒಂದೇ ಒಂದು ವಿನಂತಿ ಮಾಡಿದರು: ಪ್ರತಿ ಸದಸ್ಯರೂ ಒಂದೊಂದು ಪುಸ್ತಕ ಮನೆಗೆ ಒಯ್ದು, ಪೂರ್ತಿ ಓದಿಕೊಂಡು ಬಂದು, ಎಲ್ಲಿ ಹೆದರಿಕೆಯಾಯಿತು ಅಂತ ಮುಂದಿನ ಸಭೆಯಲ್ಲಿ ಎದ್ದು ನಿಂತು ಹೇಳಬೇಕು. ನಿರಾಕರಿಸಲು ಯಾರಿಗೂ ನೆಪ ಸಿಗಲಿಲ್ಲ. ಪುಸ್ತಕ ಹಂಚಿದ್ದಾಯಿತು, ರಿಜಿಸ್ಟರಿಗೆ ಸಹಿ ಹಾಕಿಸಿದ್ದೂ ಆಯಿತು.

ಮುಂದಿನ ಸಭೆಯನ್ನು ಕೋರಂ ಇಲ್ಲದ ಕಾರಣ ಮುಂದೂಡಲಾಗಿದೆ. ಸದಸ್ಯರೆಲ್ಲ ಹೊಟ್ಟೆನೋವು ಅಂತ ರಜೆ ಚೀಟಿ ಕಳಿಸಿದ್ದಾರೆ.