ಟೇಪಿನ ಕೊಕ್ಕೆ ಅಲುಗಾಡಿದರೆ ಅದು ಕೆಟ್ಟಿದೆ ಎಂದಲ್ಲ

ಅಳತೆ ಟೇಪಿನ ತುದಿಯ ಕೊಕ್ಕೆ ಸಡಿಲವಿದ್ದರೆ ಟೇಪ್ ಹಾಳಾಗಿದೆ, ಅದನ್ನು ಟೇಪಿನ ಪಟ್ಟಿಗೆ ಹಿಡಿದಿರುವ ರಿವೆಟ್ (ಲೋಹದ ಮೊಳೆ) ಬಡಿದು ಬಿಗಿ ಮಾಡಿಕೊಳ್ಳಿ ಎಂಬ ಸಲಹೆ ಮರಗೆಲಸದವರ ನಡುವೆ ಹರಿದಾಡುತ್ತಿದೆ. ಇದು ತಪ್ಪು. ದಯವಿಟ್ಟು ಬಡಿಯಬೇಡಿ.

ಆ ಕೊಕ್ಕೆಯನ್ನು ಬೇಕೆಂದೇ ಸಡಿಲವಾಗಿ ಕೂರಿಸಿರುತ್ತಾರೆ. ಅದು ಜರುಗುವುದು ತನ್ನದೇ ದಪ್ಪದಷ್ಟು, ಸುಮಾರು 1 ಮಿ.ಮೀ. ಹಲಗೆಯ ಅಂಚಿಗೆ ಸಿಕ್ಕಿಸಿ ಎಳೆದಾಗ ಕೊಕ್ಕೆ ಹೊರಕ್ಕೆ ಜರುಗುತ್ತದೆ. ಸೊನ್ನೆ ಅದರ ಒಳಮುಖದಿಂದ ಶುರು. ಬಾಗಿಲ ದಾರಂದದ ಒಳಗೆ ಒತ್ತಿ ಹಿಡಿದಾಗ ಅದು ಒಳಕ್ಕೆ ಸರಿಯುತ್ತದೆ. ಆಗ ಸೊನ್ನೆ ಹೊರಮುಖದಿಂದ. ಬಿಗಿ ಮಾಡಿದರೆ ಈ ಎರಡರಲ್ಲಿ ಒಂದು ಅಳತೆ ಯಾವಾಗಲೂ ತಪ್ಪುತ್ತದೆ. ಡ್ರಾಯರ್ ಕೂರಿಸುವ ಕೆಲಸದಲ್ಲಿ 1 ಮಿ.ಮೀ. ಎಂದರೆ ಸಣ್ಣದಲ್ಲ.

ಅನುಮಾನವಿದ್ದರೆ 300 ಮಿ.ಮೀ. ಉಕ್ಕಿನ ಸ್ಕೇಲಿನ ತುದಿಗೆ ಕೊಕ್ಕೆ ಸಿಕ್ಕಿಸಿ ಹೋಲಿಸಿ. ಆಮೇಲೆ ಎರಡನ್ನೂ ಗೋಡೆಗೆ ಒತ್ತಿ ನೋಡಿ. ಎರಡೂ ಸಲ ಗೆರೆಗಳು ಕೂಡಿದರೆ ಟೇಪ್ ಸರಿ. ಬಿದ್ದು ಬಾಗಿದ ಕೊಕ್ಕೆ, ಹಿಗ್ಗಿದ ರಿವೆಟ್ ತೂತು ಮಾತ್ರ ನಿಜವಾದ ದೋಷ. ಅಂಥ ಟೇಪಿನಲ್ಲಿ 100 ಮಿ.ಮೀ. ಗೆರೆಯಿಂದ ಅಳೆದು, ಬಂದ ಅಳತೆಯಿಂದ 100 ಕಳೆಯುವುದು ತಾತ್ಕಾಲಿಕ ಉಪಾಯ.

ಕೊಳ್ಳುವಾಗ ನೋಡಬೇಕಾದದ್ದು ಟೇಪಿನ ಪಟ್ಟಿಯ ಮೇಲಿನ ರೋಮನ್ ಅಂಕಿ (I, II). ಅದು ನಿಖರತೆಯ ದರ್ಜೆ. ಯುರೋಪಿನ ವರ್ಗೀಕರಣದಂತೆ 5 ಮೀಟರಿಗೆ ಎರಡನೇ ದರ್ಜೆಯಲ್ಲಿ 1.3 ಮಿ.ಮೀ., ಒಂದನೇ ದರ್ಜೆಯಲ್ಲಿ 0.6 ಮಿ.ಮೀ. ವರೆಗೆ ವ್ಯತ್ಯಾಸಕ್ಕೆ ಅವಕಾಶವಿದೆ. ಹೀಗಾಗಿ ಎರಡು ಹೊಸ ಟೇಪುಗಳೂ ಒಂದಕ್ಕೊಂದು ಹೊಂದದೆ ಇರಬಹುದು. ಒಂದು ಕಪಾಟಿನ ಕೆಲಸ ಮುಗಿಯುವವರೆಗೂ ಒಂದೇ ಟೇಪ್ ಬಳಸಿ.